ಬಾಗಿಲ ಗಂಟೆಯ ಬಟನ್ನು, ಸವದತ್ತಿಯ ಹಳಿ

ಆಗ ನಮ್ಮ ಬೈಲಹೊಂಗಲಕ್ಕೆ ರೈಲಿರಲಿಲ್ಲ. ಸವದತ್ತಿಗೂ ಇಲ್ಲ, ರಾಮದುರ್ಗಕ್ಕೂ ಇಲ್ಲ, ಕಿತ್ತೂರಿಗೂ ಇಲ್ಲ. ರೈಲು ನೋಡಬೇಕೆಂದರೆ ಧಾರವಾಡಕ್ಕೋ ಬೆಳಗಾವಿಗೋ ಬಸ್ಸು ಹತ್ತಬೇಕು. ಎಪ್ಪತ್ತರ ದಶಕದ ಒಂದು ಗಣಪತಿ ಹಬ್ಬದಲ್ಲಿ ಈ ನಾಲ್ಕೂ ಊರಿಗೆ ನಾವು ರೈಲು ಬಿಟ್ಟೆವು. ಎರಡು ಬಾಗಿಲಷ್ಟು ಅಗಲದ ಹಲಗೆಯ ಮೇಲೆ.

ನಮ್ಮ ಓಣಿಯವರು ಗಣಪತಿಯ ಮುಂದೆ ವರ್ಷವೂ ಒಂದು ಓಡಾಡುವ ಸೀನು ಮಾಡುತ್ತಿದ್ದರು. ಒಂದು ವರ್ಷ ಬೀಸುವ ಗೊಂಬೆ, ಒಂದು ವರ್ಷ ಬಾವಿಯಲ್ಲಿ ಏರಿಳಿಯುವ ಕೊಡ. ಆ ವರ್ಷ ಹುಬ್ಬಳ್ಳಿ ರೈಲ್ವೆಯಲ್ಲಿ ಹಳಿ ತಿರುಗಿಸುವ ಕೆಲಸ ಮಾಡಿ ನಿವೃತ್ತರಾದ ಮುದುಕರೊಬ್ಬರು ಓಣಿಗೆ ಬಂದು ನೆಲೆಸಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರ ತಮ್ಮ ಮುಂಬಯಿಯಿಂದ ಕರೆಂಟಿನ ಆಟಿಕೆ ಇಂಜಿನ್ನು, ಮೂರು ಡಬ್ಬಿ, ಒಂದಷ್ಟು ಹಳಿ ತಂದುಕೊಟ್ಟಿದ್ದ. ಕಾಕಾ ಅದನ್ನು ಹಲಗೆಯ ಮೇಲೆ ಕೂರಿಸಿದರು. ಕಿತ್ತೂರಿಗೆ ರಟ್ಟಿನ ಕೋಟೆ ಮಾಡಿ ಮುಖ್ಯ ಹಳಿಯ ಪಕ್ಕ ಇಟ್ಟರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರಕ್ಕೂ ಹಳಿ ಕವಲೊಡೆದು ಒಳಗೆ ಹೋಗಬೇಕು ಎಂದರು.

ಹಳಿ ಕವಲೊಡೆಯುವ ಜಾಗಕ್ಕೆ ಅವರು ಪಾಯಿಂಟ್ ಎನ್ನುತ್ತಿದ್ದರು. ಅಲ್ಲಿ ಹಳಿಯ ತುದಿ ಇತ್ತ ಸರಿದರೆ ರೈಲು ನೆಟ್ಟಗೆ ಹೋಗುತ್ತದೆ, ಅತ್ತ ಸರಿದರೆ ಊರೊಳಗೆ ಹೊರಳುತ್ತದೆ. ಕೈಯಿಂದ ಸರಿಸಿದರೆ ನೋಡುವವರಿಗೆ ಏನು ಮಜಾ? ಕರೆಂಟಿನಿಂದಲೇ ಸರಿಯಬೇಕು. ಅದಕ್ಕೆ ಪಾಯಿಂಟಿನ ಕೆಳಗೆ ಒಂದು ಕಬ್ಬಿಣದ ಸರಳು, ಸರಳಿನ ಎರಡು ತುದಿಗೆ ಎರಡು ತಂತಿಯ ಸುರುಳಿ. ಅಂಗಡಿಯ ಮಾತಿನಲ್ಲಿ ಕಾಯಿಲ್. ಟ್ರಾನ್ಸ್‌ಫಾರ್ಮರಿನಲ್ಲಿ ಜೋರು ಇಳಿಸಿದ ಕರೆಂಟನ್ನು ಯಾವ ಕಾಯಿಲಿಗೆ ಕೊಟ್ಟರೆ ಆ ಕಡೆಗೆ ಸರಳನ್ನು ಅದು ಟಕ್ಕನೆ ಎಳೆಯುತ್ತದೆ. ಮೂರು ಪಾಯಿಂಟಿಗೆ ಆರು ಕಾಯಿಲ್. ಆರನ್ನೂ ಸುತ್ತಿದವಳು ನಾನು.

ನಮ್ಮ ಯಜಮಾನರದು ಸುಟ್ಟ ಮೋಟರು ಸುತ್ತಿಕೊಡುವ ಅಂಗಡಿ. ಬಾವಿಯ ಪಂಪಿನ ಮೋಟರಿಗೆ ದಪ್ಪ ತಂತಿ, ಅದು ಅವರ ಕೈಗೆ ಬಗ್ಗುತ್ತಿತ್ತು. ತೆಳ್ಳನೆಯ ತಂತಿ ಅವರ ಕೈಯಲ್ಲಿ ಉಳಿಯುತ್ತಿರಲಿಲ್ಲ, ಪಟಪಟ ಹರಿಯುತ್ತಿತ್ತು. ಒಂದು ದಿನ ಊಟ ಕೊಡಲು ಹೋದವಳು ಅವರ ಬೈಗುಳ ಕೇಳಲಾರದೆ ಒಂದು ಫ್ಯಾನು ಸುತ್ತಿಕೊಟ್ಟೆ. ಆಮೇಲೆ ಆ ಕುರ್ಚಿ ನನ್ನದೇ ಆಯಿತು. ನಾನು ತವರೂರು ಸುರೇಬಾನದಲ್ಲಿ ಎರಡನೇ ಇಯತ್ತೆ ತನಕ ಕಲಿತವಳು. ಓದಲು ತಿಣುಕುತ್ತೇನೆ. ಆದರೆ ಐನೂರು ಸುತ್ತು ಎಣಿಸು ಎಂದರೆ ಮಾತಾಡುತ್ತಲೇ ಎಣಿಸುತ್ತೇನೆ. ಒಲೆ ಊದುವುದಕ್ಕಿಂತ ಆ ಕೆಲಸ ನನಗೆ ಹಿಡಿಸಿತ್ತು.

ಮೊದಲ ಸಂಜೆ ಏನು ಗದ್ದಲ! ಯಜಮಾನರು ಹಲಗೆಯ ಪಕ್ಕ ಸ್ವಿಚ್ಚುಗಳ ಮುಂದೆ ಕೂತರು. ಮನೆಗೆ ಹಾಕುವ ಕರಿಯ ದುಂಡನೆಯ ಸ್ವಿಚ್ಚುಗಳೇ, ಆರು. ಹಾಕಬೇಕು, ಟಕ್ ಎಂದ ಕೂಡಲೇ ತೆಗೆಯಬೇಕು. ರೈಲು ಬೈಲಹೊಂಗಲಕ್ಕೆ ಹೊರಳಿದಾಗ ಜನ ಶಿಳ್ಳೆ ಹೊಡೆದರು. ಮುದುಕಿಯೊಬ್ಬಳು, "ನಮ್ಮೂರಿಗೆ ಗಾಡಿ ಬಂತ ನೋಡs!" ಎಂದು ನನ್ನ ರಟ್ಟೆ ಹಿಡಿದು ಅಲುಗಿಸಿದಳು. ನಾನೂ ಕೂಗಿದೆ. ಸುಳ್ಳು ಯಾಕೆ ಹೇಳಲಿ, ಗಂಟಲು ಬಿದ್ದುಹೋಗಿತ್ತು.

ಎರಡನೇ ಸಂಜೆ ಸವದತ್ತಿಯ ಕಾಯಿಲ್ ಸುಟ್ಟಿತು.

ಯಜಮಾನರು ಸವದತ್ತಿಯ ಸ್ವಿಚ್ಚು ಹಾಕಿದ ಗಳಿಗೆಗೇ ಕರೆಂಟು ಹೋಯಿತು. ಜನ ಹೋ ಎಂದರು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ರೈಲು ತಾನೇ ಹೊರಟು ಸವದತ್ತಿಗೆ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ವಾರ್ನಿಷ್ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು. ಹಲಗೆಯ ಕೆಳಗಿನಿಂದ ಹೊಗೆ.

ಗಣಪತಿ ಮಂಡಳಿಯ ಮುಖ್ಯಸ್ಥರು ಓಣಿಯ ಅರಿವೆ ವ್ಯಾಪಾರಿ, ಸಾವಕಾರರು. ಅವರು ಮೂಗು ಮುಚ್ಚಿಕೊಂಡೇ ಕೇಳಿದರು: "ಏನ್ರಿ, ಸವದತ್ತಿಗೆ ಗಾಡಿ ಬಿಟ್ರಿ, ಸವದತ್ತೀನ ಸುಟ್ಟಬಿಟ್ರಿ?"

"ಇಕಿ ಸುತ್ತಿದ್ದ್ರಿ ಅದು," ಎಂದರು ಯಜಮಾನರು. "ಎಲ್ಲೋ ತಂತಿ ಮ್ಯಾಲಿನ ಬಣ್ಣ ಕೆರದಾಳ."

"ಬಳಿ ಹಾಕ್ಕೊಂಡ ಕೈಲೆ ಮೋಟರ್ ಸುತ್ತಿಸಿದ್ರ ಇದ ಆಗೂದು. ನಾ ಧಾರವಾಡಕ್ಕ ಹೇಳಿ ಕಳಸ್ತೇನಿ, ಒಬ್ಬ ಗಂಡಸ ಬರ್ತಾನ. ಅಂಗಡಿಗೂ ಅವನ್ನ ಇಟ್ಕೋರಿ. ಇಕಿ ರೊಟ್ಟಿ ಬಡೀಲಿ."

"ಹೂಂ, ಹಂಗ ಮಾಡೂನು," ಎಂದರು ನಮ್ಮ ಯಜಮಾನರು. ನನ್ನ ಮುಖ ಕೂಡ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಕಾಯಿಲ್ ಹೋದರೆ ಇನ್ನೊಂದು ಸುತ್ತಬಹುದು. ಕುರ್ಚಿ ಹೋದರೆ ಹೋಯಿತು. "ಯಾಕ ಸುಟ್ಟೈತಿ ಅಂತ ಗೊತ್ತಾದ ಮ್ಯಾಲ ಯಾರನ್ನರ ಕರಸ್ರಿ," ಎಂದೆ. "ನಾಳಿ ಸಂಜೀಮಟ ತಡೀರಿ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಡಿ ತೆರೆದೆ. ಆರೂ ನನ್ನ ಕೈಯವೇ, ಒಂದೇ ರೀಲಿನ ತಂತಿ. ಐದು ನೆಟ್ಟಗಿವೆ, ಒಂದು ಯಾಕೆ ಸುಟ್ಟಿತು? ಏಳನೆಯದೊಂದು ಹೆಚ್ಚಿಗೆ ಸುತ್ತಿಟ್ಟಿದ್ದೆ. ಯಜಮಾನರು ಬಂದ ಕೂಡಲೇ ಅದನ್ನು ಅವರ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದೆ. ಸ್ವಿಚ್ಚು ಹಾಕಿ ತೆಗೆದೆ. ಹಾಕಿ ತೆಗೆದೆ. ಹತ್ತು ಸಲ.

"ಬಿಸಿ ಐತೇನ್ರಿ?"

"ಇಲ್ಲ, ತಣ್ಣಗೈತಿ."

ಆಮೇಲೆ ಹಾಕಿ ಬಿಟ್ಟೆ. ಸುಮ್ಮನೆ ನಿಂತೆ. ಅವರೂ ನಿಂತರು. ಎರಡು ನಿಮಿಷ ಹೋಗಿರಬೇಕು, "ಏ ತಗೀ, ತಗೀ!" ಎಂದು ಕೈ ಜಾಡಿಸಿ ಕಾಯಿಲನ್ನು ಮೂಲೆಗೆ ಒಗೆದರು.

"ನಿನ್ನಿ ಸವದತ್ತಿ ಸ್ವಿಚ್ಚ ಎಷ್ಟೊತ್ತು ಹಾಕಿದ್ರಿ?"

"ನಾ ಎಲ್ಲಿ ಹಾಕಿದ್ದೆ? ಕರೆಂಟ ಹೋಗಿತ್ತಲ್ಲ."

"ಹೋತು. ಬಂದಾಗ ಏನ ಮಾಡಿದ್ರಿ?"

ಅವರು ಅಂಗೈ ಊದಿಕೊಳ್ಳುತ್ತ ನೆನಪು ಮಾಡಿಕೊಂಡರು. "ಎಲ್ಲಾರೂ ಮಾಡಿದ್ದ ನಾನೂ ಮಾಡಿದೆ. ಕೈ ಮುಗದೆ."

"ಎರಡೂ ಕೈಲೆ?"

"ಒಂದ ಕೈಲೆ ಯಾರ ಮುಗೀತಾರ, ಹುಚ್ಚಿ?"

ನನಗೆ ನಗು ತಡೆಯಲಾಗಲಿಲ್ಲ. ಸಂಜೆ ದೀಪ ಹತ್ತಿದರೆ ನಮ್ಮ ಕಡೆ ಯಾರಾದರೂ ಕೈ ಮುಗಿಯುತ್ತಾರೆ. ಚಹದ ಬಟ್ಟಲು ಹಿಡಿದವರು ಬಟ್ಟಲು ಕೆಳಗಿಟ್ಟು ಮುಗಿಯುತ್ತಾರೆ. ಇವರು ಸ್ವಿಚ್ಚನ್ನು ಕೆಳಗೆ, ಹಾಕಿದಲ್ಲೇ, ಬಿಟ್ಟು ಮುಗಿದಿದ್ದರು. ಕಾಯಿಲಿಗೆ ಕರೆಂಟು ಹರಿಯುತ್ತಲೇ ಇತ್ತು.

"ಇನ್ ಮುಂದ ನೆನಪಿಟ್ಟು ತಗೀತೇನಿ ಬಿಡು," ಎಂದರು.

"ನಿಮ್ಮ ನೆನಪಿನ ಮ್ಯಾಲ ನನ್ನ ಕಾಯಿಲ್ ಇಡಾಂಗಿಲ್ಲ. ಸ್ವಿಚ್ಚ ಬದಲೀ ಮಾಡೂನು, ಬರ್ರಿ."

ಪೇಟೆಯ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಮೂವರೂ ಹೋದೆವು, ನಾನು, ಯಜಮಾನರು, ಕಾಕಾ. ಅಂಗಡಿಯವನು ಗಾಜಿನ ಮೇಲೆ ಇದ್ದಬದ್ದ ಸ್ವಿಚ್ಚೆಲ್ಲ ಹರವಿದ. ನನಗೆ ಬಳೆಗಾರನ ಮುಂದೆಯೂ ಅಷ್ಟು ಖುಷಿಯಾಗಿದ್ದಿಲ್ಲ. ಪ್ರತಿಯೊಂದನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಒತ್ತಿ ನೋಡಿದೆ. ಹೊಸದಾಗಿ ಬಂದ ಬಿಳಿಯ ಚಪ್ಪಟೆ ಸ್ವಿಚ್ಚು ಚೆಂದಿತ್ತು, ಆದರೆ ಹಾಕಿದರೆ ಹಾಕಿದಲ್ಲೇ ಕೂರುತ್ತಿತ್ತು. ಹಳೆಯ ಕರಿಯದರ ಬುದ್ಧಿಯೇ ಇದಕ್ಕೂ.

ಯಜಮಾನರು ಮೆಟ್ಟಿಲ ದೀಪಕ್ಕೆ ಹಾಕುವ ಸ್ವಿಚ್ಚು ಎತ್ತಿಕೊಂಡರು. "ಇದು ಚಲೋ ಐತಿ. ಮ್ಯಾಲ ಮಾಡಿದ್ರ ಒಂದ ಕಾಯಿಲ್, ಕೆಳಗ ಮಾಡಿದ್ರ ಇನ್ನೊಂದು. ಆರರ ಬದಲಿ ಮೂರs ಸಾಕು."

"ನಡು ಎಲ್ಲೈತಿ ಇದಕ?" ಎಂದೆ. "ಮ್ಯಾಲ ಇದ್ರ ಒಂದು ಸುಡತೈತಿ, ಕೆಳಗ ಇದ್ರ ಇನ್ನೊಂದು ಸುಡತೈತಿ. ಆರೂ ಸುಡೂ ಹಂಚಿಕಿ ತಗದೀರಿ."

ಕಾಕಾ ಹೊಟ್ಟೆ ಹಿಡಿದು ನಕ್ಕರು. ಅಂಗಡಿಯವನೂ ನಕ್ಕ. ಆಗ ನನ್ನ ಕಣ್ಣು ಅವನ ಹಿಂದಿನ ಡಬ್ಬಿಯ ಮೇಲೆ ಬಿತ್ತು. ಬಾಗಿಲಿಗೆ ಹಾಕುವ ಗಂಟೆಯ ಬಟನ್ನು. ಒತ್ತಿದೆ, ಒಳಗೆ ಹೋಯಿತು. ಬೆರಳು ತೆಗೆದೆ, ತಾನೇ ಹೊರಗೆ ಬಂತು. ಮತ್ತೆ ಒತ್ತಿದೆ. ಮತ್ತೆ ಬಂತು. "ಇದs! ಇದs ನೋಡ್ರಿ!" ಎಂದು ನಾನು ಕೂಗಿದ್ದಕ್ಕೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು.

"ಆರ ಕೊಡ್ರಿ."

"ನಾಲ್ಕs ಅದಾವ್ರಿ," ಎಂದ ಅಂಗಡಿಯವನು. "ಈ ಊರಾಗ ಬಾಗಲಾ ಬಡ್ಯಾಕ ಯಾರಿಗೆ ಕೈ ಇಲ್ಲ? ಅದಕ್ಕ ಹೆಚ್ಚ ತರಸಿಲ್ಲ."

ನಾಲ್ಕನ್ನೂ ತೆಗೆದುಕೊಂಡೆವು. ಉಳಿದೆರಡನ್ನು ನಾನೇ ಮಾಡಿದೆ. ಹಾಳಾದ ಬ್ಯಾಟರಿಯ ಹಿತ್ತಾಳೆ ಪಟ್ಟಿ ಕತ್ತರಿಸಿ ಸ್ವಲ್ಪ ಡೊಂಕು ಮಾಡಿ ಹಲಗೆಗೆ ಬಡಿದೆ, ಅದರ ಕೆಳಗೊಂದು ಮೊಳೆ. ಒತ್ತಿದರೆ ಪಟ್ಟಿ ಮೊಳೆಗೆ ತಾಗುತ್ತದೆ, ಬಿಟ್ಟರೆ ಜಿಗಿದು ಮೇಲೇಳುತ್ತದೆ. ಅಷ್ಟೇ ವಿದ್ಯೆ.

ಕಾಕಾ ಒಂದು ತಕರಾರು ತೆಗೆದರು. "ಯಾರ್ಡಿನ್ಯಾಗ ಹಳಿ ತಿರುಗಿಸಿದ್ರ ಸನ್ನಿಕೋಲು ತಿರುಗಿಸಿದ ಕಡೇನ ನಿಂತಿರ್ತದ. ದೂರಿಂದ ನೋಡಿದ್ರೂ ಗೊತ್ತಾಗ್ತದ. ನಿನ್ನ ಬಟನ್ ಹೊಳ್ಳಿ ಬಂದು ಸುಮ್ಮ ಕೂತಬಿಡ್ತದ. ಹಳಿ ಯಾ ಕಡೆ ಅದ ಅಂತ ಹ್ಯಾಂಗ ತಿಳೀಬೇಕ, ತಂಗಿ?"

ಮಾತು ಖರೆಯಿತ್ತು. ನಾನು ಮೂರೂ ಸರಳುಗಳಿಗೆ ಒಂದೊಂದು ಕಡ್ಡಿ ಕಟ್ಟಿ, ಅದು ಹಲಗೆಯ ಸಂದಿಯಿಂದ ಮೇಲೆ ಕಾಣುವಂತೆ ಮಾಡಿ, ತುದಿಗೆ ಕೆಂಪು ಅರಿವೆಯ ಚೂರು ಅಂಟಿಸಿದೆ. ಸರಳು ಸರಿದ ಕಡೆಗೆ ಬಾವುಟವೂ ಸರಿಯುತ್ತದೆ. ಕಾಕಾ ಹತ್ತು ಸಲ ಒತ್ತಿಸಿ ನೋಡಿ, "ಹಂ, ಇದು ಸಿಗ್ನಲ್ ಆತು," ಎಂದರು.

ತಂತಿ ಜೋಡಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಟ್ರಾನ್ಸ್‌ಫಾರ್ಮರಿನಿಂದ ಒಂದು ತಂತಿ ನೇರವಾಗಿ ಆರೂ ಕಾಯಿಲಿಗೆ. ಇನ್ನೊಂದು ತಂತಿ ಆರೂ ಬಟನ್ನಿಗೆ. ಒಂದೊಂದು ಬಟನ್ನಿನಿಂದ ಅದರದರ ಕಾಯಿಲಿಗೆ ಒಂದೊಂದು. ಹಲಗೆಯ ಕೆಳಗೆ ನೋಡಿದರೆ ಶಾವಿಗೆ ಚೆಲ್ಲಿದಂತಿತ್ತು. ಯಜಮಾನರು ಚೀಟಿ ಬರೆದು ಕಟ್ಟುತ್ತೇನೆ ಎಂದರು. ಆ ಅಕ್ಷರ ನಾನು ಓದುವಷ್ಟರಲ್ಲಿ ಹಬ್ಬ ಮುಗಿಯುತ್ತಿತ್ತು. ನಾನು ದಾರ ಕಟ್ಟಿದೆ: ಬೈಲಹೊಂಗಲಕ್ಕೆ ಹಸಿರು, ಸವದತ್ತಿಗೆ ಹಳದಿ, ರಾಮದುರ್ಗಕ್ಕೆ ಕೆಂಪು. ಊರೊಳಗೆ ಹೋಗುವುದಕ್ಕೆ ಎರಡು ಗಂಟು, ನೆಟ್ಟಗೆ ಹೋಗುವುದಕ್ಕೆ ಒಂದು. ಇಷ್ಟು ಮಾಡಿಯೂ ರಾಮದುರ್ಗದ್ದು ತಿರುಗಾಮುರುಗಾ ಹಚ್ಚಿದ್ದೆ. ಒಳಗೆ ಬಾ ಎಂದರೆ ಹೊರಗೆ ಹೋಗುತ್ತಿತ್ತು. ಬಟನ್ನಿನ ಬುಡದಲ್ಲಿ ಎರಡು ತಂತಿ ಅದಲುಬದಲು ಮಾಡಿದೆ, ದಾರಿಗೆ ಬಂತು. ಸವದತ್ತಿಗೆ ಹೊಸ ಕಾಯಿಲ್ ಸುತ್ತಿ ಕೂರಿಸಿದೆ.

ಸಂಜೆ ನೇಸರಗಿ, ಮುರಗೋಡದ ಬಸ್ಸಿನಿಂದ ಇಳಿದವರು ಚೀಲದ ಸಮೇತ ಬಂದು ನಿಂತಿದ್ದರು. ಆ ದಿನಗಳಲ್ಲಿ ಸಂಜೆಗೆ ಕರೆಂಟು ಹೋಗದ ದಿನವಿಲ್ಲ. ಆದರೂ ಅದು ಯಾವಾಗ ಹೋದೀತು ಎಂದು ಆಸೆಯಿಂದ ಕಾದವಳು ಊರಿಗೆಲ್ಲ ನಾನೊಬ್ಬಳೇ ಇರಬೇಕು. ಹಲಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೆಳಗೆ ಕೈ ತೂರಿಸಿ ಸವದತ್ತಿಯ ಹೊಸ ಕಾಯಿಲ್ ಹಿಡಿದುಕೊಂಡಿದ್ದೆ. "ಸವದತ್ತಿ ಒತ್ರಿ, ಸವದತ್ತಿ!" ಎಂದು ಯಜಮಾನರಿಗೆ ಹೇಳುತ್ತಲೇ ಇದ್ದೆ. ಅವರು ಪ್ರತಿ ಸುತ್ತಿಗೂ ಹಳಿಯನ್ನು ನೆಟ್ಟಗೆ ಮಾಡಿ ಮತ್ತೆ ಸವದತ್ತಿ ಒತ್ತುತ್ತಿದ್ದರು. ಹಾಗೆ ಒತ್ತಿದ ಗಳಿಗೆಗೇ, ಟಕ್ ಎನ್ನುವ ಮೊದಲೇ, ಫಕ್ಕನೆ ಕತ್ತಲಾಯಿತು.

"ಹೋತs!" ಎಂದರು ಎಲ್ಲರೂ. ನಾನು ಕಾಯಿಲ್ ಬಿಡಲಿಲ್ಲ.

ಕರೆಂಟು ಬಂತು. ಓಣಿಯಷ್ಟೂ ಜನ ಕೈ ಮುಗಿದರು. ನಮ್ಮ ಯಜಮಾನರೂ ಮುಗಿದರು, ಎರಡೂ ಕೈಯಿಂದ, ಕಣ್ಣು ಮುಚ್ಚಿ. ರೈಲು ಹೊರಟಿತು. ಬೆರಳು ಬಿಟ್ಟ ಬಟನ್ನು ತಾನೇ ಹೊರಗೆ ಬಂದಿತ್ತು, ಪಾಯಿಂಟು ಸರಿದಿರಲಿಲ್ಲ, ಸವದತ್ತಿಗೆ ಹೊರಳದೆ ನೆಟ್ಟಗೆ ಹೋಗಿಬಿಟ್ಟಿತು.

"ಏ, ಸವದತ್ತಿ ಬಿಟ್ಟ ಹೊಂಟ್ತಲ್ಲೋ! ಬ್ರೇಕ್ ಹಾಕ್ರಿ!" ಎಂದು ಒಬ್ಬ ಕೂಗಿದ.

ಕೂಗಲಿ. ನನ್ನ ಕೈಯಲ್ಲಿ ಕಾಯಿಲ್ ತಣ್ಣಗಿತ್ತು. ಎರಡು ನಿಮಿಷ ಎಣಿಸಿದೆ, ಮೂರು ಎಣಿಸಿದೆ. ತಣ್ಣಗೆ, ಹೂಜಿಯ ಹೊಟ್ಟೆಯ ಹಾಗೆ. ಮುಂದಿನ ಸುತ್ತಿಗೆ ಯಜಮಾನರು ಬಟನ್ನು ಒತ್ತಿದರು. ಟಕ್. ಬಾವುಟ ಸರಿಯಿತು, ಇಂಜಿನ್ನು ಹೊರಳಿತು, ಮೂರು ಡಬ್ಬಿ ಹಿಂದೆ ಹೊರಳಿದವು. ಎಂಥ ಗದ್ದಲ! ನಾನು ಎದ್ದು ನಿಂತು ಸೆರಗು ತಲೆಯಿಂದ ಜಾರಿದ್ದೂ ಗೊತ್ತಿಲ್ಲದೆ ಕುಣಿದೆ.

ಸಾವಕಾರರು ಹತ್ತಿರ ಬಂದರು. "ಧಾರವಾಡದಾಂವಗ ಹೇಳಿ ಕಳಿಸೇನಲ್ರಿ. ನಾಳಿ ಬರ್ತಾನ."

ಯಜಮಾನರು ಬಟನ್ನಿನ ಮೇಲಿನ ಬೆರಳು ತೆಗೆಯದೆಯೇ ಹೇಳಿದರು: "ಬಂದ್ರ ಬರ್ಲಿ. ರೈಲ ನೋಡಿ, ಉಂಡು ಹೋಗ್ಲಿ. ಅಂಗಡ್ಯಾಗ ಇರೂದು ಒಂದ ಕುರ್ಚಿ. ಅದರಾಗ ಇಕಿ ಕುಂಡ್ರತಾಳ."

"ಮೊದಲ ಬೆರಳ ತಗೀರಿ," ಎಂದೆ ನಾನು. "ಕಾಯಿಲ್ ಬಿಸಿ ಆಗಾಕ ಹತ್ತೈತಿ."