ಕಾಕಾನ ಛರ್ರಾ ಬಂದೂಕು

ಜೋಳಕ್ಕೆ ಬರುವ ಗಿಳಿಗಳನ್ನು ಹೆದರಿಸಲು ನಮ್ಮ ಕಾಕಾನ ಹತ್ತಿರ, ಗಾಳಿಯ ಒತ್ತಡದಿಂದ ಸೀಸದ ಸಣ್ಣ ಛರ್ರೆ ಹಾರಿಸುವ ಛರ್ರಾ ಬಂದೂಕೊಂದಿತ್ತು. ಬೇವಿನ ಮರಕ್ಕೆ ಡಬ್ಬಿ ಕಟ್ಟಿ ಹೊಡೆದು ನೋಡಿದರೆ, ಒಂದು ಛರ್ರೆ ಹೊಗೆ ಎಬ್ಬಿಸಿ ಬೊಡ್ಡೆಯಲ್ಲಿ ನೆಡುತ್ತಿತ್ತು, ಮುಂದಿನದು ಅರ್ಧ ದಾರಿಯಲ್ಲೇ ಬೀಳುತ್ತಿತ್ತು. ಕಾಕಾ ಛರ್ರೆಯನ್ನು ಬೈದ, ಗಾಳಿಯನ್ನು ಬೈದ, ಬುತ್ತಿ ತಂದ ಕಾಕಿಯನ್ನೂ ಬಿಡಲಿಲ್ಲ.

ನವಲಗುಂದದ ಸೈಕಲ್ ರಿಪೇರಿಯವರು ಬಂದೂಕು ಬಿಚ್ಚಿ ಮೂಸಿ ನೋಡಿದರು.

"ದಿನಾ ಕುಸುಬಿ ಎಣ್ಣಿ ಬಿಡ್ತೀರಿ ಹೌದಲ್ರಿ? ತೊಗಲಿನ ವಾಶರ್ ಅಗದಿ ಅಂಟಾಗೇತಿ. ಒಮ್ಮೆ ಎಣ್ಣಿ ಹೊತ್ತಿ ಛರ್ರೆ ಜೋರ ಹೋಗತೈತಿ, ಒಮ್ಮೆ ಗಾಳಿ ಸೋರಿ ನಡುವ ಬೀಳತೈತಿ. ಒಗ್ಗರಣಿಗೆ ಸಾಸಿವಿ ಒಂದ ಕಮ್ಮಿ ಐತ್ರಿ."

ಹೊಸ ವಾಶರ್ ಹಾಕಿದ ಮೇಲೆ ಪ್ರತಿ ಛರ್ರೆಯೂ ಒಂದೇ ರಭಸದಲ್ಲಿ ಹೋಗಿ ಒಂದೇ ಜಾಗಕ್ಕೆ ಬಡಿಯಿತು: ಡಬ್ಬಿಯ ಬಲಕ್ಕೆ ಒಂದು ಗೇಣು.

ಕಾಕಾ ಸುತ್ತಮುತ್ತ ನೋಡಿದ. ಬೈಸಿಕೊಳ್ಳಲು ಅವನೊಬ್ಬನೇ ಉಳಿದಿದ್ದ.