ಇನ್ನೊಬ್ಬ ನರ್ಸಿಗಾಗಿ ಬರೆದ ಅರ್ಜಿ

ಎರಡು ಸಾವಿರದ ಇಸವಿ ದಾಟಿದ ಹೊಸತು. ಅವರ್ಸಾ, ಹಾರವಾಡ ಎರಡೂ ಊರಿಗೆ ನಾನೊಬ್ಬಳೇ ನರ್ಸ್. ಇನ್ನೊಂದು ಹುದ್ದೆ ಖಾಲಿಯಿತ್ತು. ಬೆಳಿಗ್ಗೆ ಹತ್ತಕ್ಕೆ ಚುಚ್ಚುಮದ್ದು ಹಿಡಿದು ಹಾರವಾಡಕ್ಕೆ ಹೋದರೆ ಅರ್ಧ ಮನೆಗಳಿಗೆ ಬೀಗ. ಅಲೆದು ಅಲೆದು ಸಿಟ್ಟು ನೆತ್ತಿಗೇರಿತು. ಇನ್ನೊಬ್ಬರನ್ನು ಕೊಡಿ ಎಂದು ಅರ್ಜಿ ಬರೆದು, ತಾಲೂಕು ಕಚೇರಿಗೆ ಕೊಡಲು ಅಂಕೋಲೆಯ ಬಸ್ಸು ಹತ್ತಿದೆ. ಪಕ್ಕದಲ್ಲೇ ಹಾರವಾಡದ ಮೀನು ಮಾರುವ ಹೆಂಗಸು. ನನ್ನ ಸಿಟ್ಟೆಲ್ಲ ಅವಳ ಮೇಲೆ ಹರಿಯಿತು.

"ನರ್ಸಬಾಯಿ, ಹತ್ತ್ ಗಂಟೆಗೆ ನಾವೆಲ್ಲಾ ಪೇಟೇಲಿ ಮೀನ್ ಮಾರ್ತೆ ಇರ್ತೇವು. ಮೂರಕ್ಕೆ ಬನ್ನಿ, ಮಕ್ಕಳ್ನ ಹಿಡ್ಕಂಡೇ ಕೂತಿರ್ತೇವು" ಎಂದಳು.

ನೋಡೇ ಬಿಡೋಣವೆಂದು ಅರ್ಜಿಯನ್ನು ಕೊಡದೆ ಚೀಲದಲ್ಲೇ ಉಳಿಸಿಕೊಂಡೆ. ಮರುವಾರ ಬೆಳಿಗ್ಗೆ ಅವರ್ಸಾ ಮುಗಿಸಿ, ಮೂರಕ್ಕೆ ಹೋದರೆ ಅವಳ ಜಗಲಿ ತುಂಬ ತಾಯಂದಿರು. ಐದರೊಳಗೆ ಎಲ್ಲ ಮುಗಿಯಿತು.

ಹೊರಡುವಾಗ ಅವಳು ಮಾರಿ ಉಳಿದ ನಾಲ್ಕು ಬಂಗಡೆ ಮೀನು ಕೊಡಲು ಬಂದು, ಸುತ್ತಲು ಕಾಗದ ಕೇಳಿದಳು. ಚೀಲದಿಂದ ಅರ್ಜಿ ತೆಗೆದುಕೊಟ್ಟೆ.