ಹಾಜರಿದ್ದ ಒಬ್ಬಳೇ ಸದಸ್ಯೆ

ಕಳೆದ ಸೋಮವಾರ ನನ್ನ ಕ್ಲಾಸಿನಲ್ಲಿ ಲೋಕಸಭೆ ಸೇರಿತ್ತು. ಹಾಜರಿದ್ದವರು ಒಬ್ಬರು.

ನಾನು ಮುದ್ದೇಬಿಹಾಳದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಡಂ ಅನ್ನುವುದು ನಿಮಗೆ ಗೊತ್ತೇ ಇದೆ. ಈ ವರ್ಷ ಆ ವಿಷಯ ತೆಗೆದುಕೊಂಡವಳು ನೀಲಾ ಒಬ್ಬಳೇ. (ಉಳಿದವರಿಗೆಲ್ಲ ಕಾಮರ್ಸ್ ಬೇಕಂತೆ.) ಮುಂದಿನ ವರ್ಷ ಈ ವಿಷಯವೇ ಇರುವುದಿಲ್ಲ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ನಡೆಯುತ್ತಿರುತ್ತದೆ. ನಾನು ಒಳಗೆ ಹೋದರೆ ನಿಲ್ಲುತ್ತದೆ. ಹಾಗಾಗಿ ಊಟದ ಡಬ್ಬಿಯನ್ನೂ ಕ್ಲಾಸಿನಲ್ಲೇ ಬಿಚ್ಚುತ್ತೇನೆ.

ಸಂಸತ್ತಿನ ಪಾಠಕ್ಕೆ ಪ್ರತಿವರ್ಷ ಮಕ್ಕಳನ್ನು ಎರಡು ಗುಂಪು ಮಾಡಿ ಸದನ ನಡೆಸುತ್ತಿದ್ದೆ. ಈ ಸಲ? ನೀಲಾ ಲೋಕಸಭೆ, ನಾನು ರಾಜ್ಯಸಭೆ.

ಜನ ನೇರವಾಗಿ ಆರಿಸುವುದು ನಿನ್ನನ್ನು, ರಾಜ್ಯಗಳ ಶಾಸಕರು ಆರಿಸುವುದು ನನ್ನನ್ನು ಎಂದೆ. ನಿನ್ನನ್ನು ಅವಧಿಗೆ ಮೊದಲೇ ವಿಸರ್ಜಿಸಬಹುದು. ನನ್ನಲ್ಲಿ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿಯಾಗುತ್ತದೆ, ಸದನ ಮಾತ್ರ ಖಾಲಿಯಾಗುವುದಿಲ್ಲ. ಕಾಯ್ದೆಗೆ ಇಬ್ಬರೂ ಒಪ್ಪಬೇಕು. (ಹಣಕಾಸು ಮಸೂದೆಯಲ್ಲಿ ನನ್ನ ಆಟ ನಡೆಯುವುದಿಲ್ಲ.) ಎಲ್ಲಿ, ಒಂದು ಮಸೂದೆ ತಾ ನೋಡೋಣ.

ನೀಲಾ ಎದ್ದು ನಿಂತಳು. "ಆರಿಸಿ ಬಂದಾಕಿನ ಸಭಾದಾಗ ಕುಂದ್ರಬೇಕ್ರಿ. ಆಕಿ ಗಂಡ ಅಲ್ಲ."

ಬಸವನ ಬಾಗೇವಾಡಿ ಕಡೆಯ ಹಳ್ಳಿ ಅವಳದು. ಅವ್ವ ಪಂಚಾಯ್ತಿ ಮೆಂಬರ್. ಸಭೆಗೆ ಹೋಗುವವನು ಅಪ್ಪ.

ಮೇಲ್ಮನೆ ಸುಮ್ಮನೆ ಒಪ್ಪಬಾರದಲ್ಲ? ಆಕೆಗೆ ಮಾತಾಡಲು ಬರದಿದ್ದರೆ ಎಂದು ತಕರಾರು ತೆಗೆದೆ.

"ಸುಮ್ನ ಕುಂದರ್‍ಲಿ ಬಿಡ್ರಿ. ಕುರ್ಚಿ ಆಕೀದು."

ಮಸೂದೆ ಪಾಸಾಯಿತು. ಜಂಟಿ ಅಧಿವೇಶನ ಬೇಕಾಗಲಿಲ್ಲ. ಒಂದೇ ಬೆಂಚಿನಲ್ಲಿ ಕೂತು ಊಟ ಮಾಡಿದೆವು.

ಗುರುವಾರ ಅವಳು ಬರಲಿಲ್ಲ. ಖಾಲಿ ಬೆಂಚುಗಳ ಎದುರು ಪೀರಿಯಡ್ ಮುಗಿಯುವ ತನಕ ಕೂತೆ. ಪಕ್ಕದ ಕಾಮರ್ಸ್ ಕ್ಲಾಸಿನಿಂದ ನಗು ಕೇಳುತ್ತಿತ್ತು. ಅಪ್ಪ ಕಾಲೇಜು ಬಿಡಿಸಿಬಿಟ್ಟನೇ? ಪಾಠ ಮನೆಯವರೆಗೂ ಹೋಯಿತೇ?

ಹೋಗಿತ್ತು. ಶುಕ್ರವಾರ ಬಂದು ಎಲ್ಲ ಹೇಳಿದಳು. ಸೋಮವಾರ ಸಂಜೆ ಅವಳು ಅವ್ವನಿಗೆ ಎರಡೂ ಸದನದ ಕಥೆ ಹೇಳಿದ್ದಾಳೆ. ಅವ್ವ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಳಂತೆ. ಗುರುವಾರ ಸಭೆಯಿತ್ತು. ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಮಗಳನ್ನು ಕರೆದುಕೊಂಡು ಹೊರಟೇಬಿಟ್ಟಳು. ಅಪ್ಪ ಆಗಿನಿಂದ ಇಬ್ಬರನ್ನೂ ಮಾತಾಡಿಸಿಲ್ಲ.

ನೀಲಾ ಬಾಗಿಲಲ್ಲೇ ನಿಂತು ನೋಡಿದಳಂತೆ. ಉಳಿದ ಹೆಣ್ಣು ಮೆಂಬರುಗಳ ಜಾಗದಲ್ಲಿ ಅವರ ಗಂಡಂದಿರು. ಅವ್ವ ಕೂತ ಮೇಲೆ ಅಕ್ಕಪಕ್ಕದವರು ಎದ್ದು ದೂರ ಹೋಗಿ ಕೂತರು. ಯಾರೂ ಏನೂ ಕೇಳಲಿಲ್ಲ. ಚಹಾ ಬಂತು, ಅವ್ವ ಕುಡಿಯಲಿಲ್ಲ.

ಅವ್ವ ಏನಾದರೂ ಅಂದಳಾ ಎಂದು ಕೇಳಿದೆ.

"ಮನಿಗೆ ಬರೂ ದಾರ್‍ಯಾಗ ಒಂದ ಮಾತು ಅಂದಳ್ರಿ. ಹಾಜರಿಗೆ ನನ್ನ ಹೆಸರು ಕೂಗಿದ್ರು, ನಾನ ಹಾಂ ಅಂದ್ನಿ, ಅಂತ."

ಆರಿಸಿ ಬಂದ ಮೇಲೆ ಆ ಸಭೆಯಲ್ಲಿ ಅವಳಾಡಿದ ಮೊದಲ ಮಾತು ಅದು.

ಮುಂದಿನ ಸಭೆಗೂ ಹೋಗುತ್ತಾಳಂತೆ. ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರುವವರು ಯಾರು?